ಪಕ್ ಕಾಣದಿದ್ದರೆ ನಷ್ಟವೇನಿಲ್ಲ

ಮಗಳ ಮನೆಗೋ ಮಗನ ಮನೆಗೋ ಅಂತ ಕ್ಯಾಲಿಫೋರ್ನಿಯಾಕ್ಕೆ ಬಂದಿಳಿಯುವ ನಮ್ಮಂಥ ಹಿರಿಯರಿಗೆ ಒಂದು ಗೊತ್ತಾದ ಯಾತ್ರಾಕ್ರಮವಿದೆ. ಜೆಟ್ ಲ್ಯಾಗ್ ಇಳಿದ ಮೊದಲ ಶನಿವಾರ ಗೋಲ್ಡನ್ ಗೇಟ್ ಸೇತುವೆ. ಅಲ್ಲಿ ಒಂದು ಕೈಯಲ್ಲಿ ಟೋಪಿ, ಇನ್ನೊಂದು ಕೈಯಲ್ಲಿ ಹೆಂಡತಿಯ ಸೆರಗು ಹಿಡಿದುಕೊಂಡು ಒಂದು ಫೋಟೊ. ಆಮೇಲೆ ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನ, ಸ್ಟ್ಯಾನ್‌ಫರ್ಡಿನ ಹುಲ್ಲುಹಾಸು, ಆ್ಯಪಲ್ ಕಂಪನಿಯ ಗಾಜಿನ ಗೋಡೆ (ಹೊರಗಿನಿಂದ), ಕಾಸ್ಟ್‌ಕೋ ಜಾತ್ರೆ (ಒಳಗಿನಿಂದ). ಇಷ್ಟು ಮುಗಿಯುವಷ್ಟರಲ್ಲಿ ಮಕ್ಕಳ ಪಟ್ಟಿ ಖಾಲಿಯಾಗಿರುತ್ತದೆ, ನಮ್ಮ ವಾಪಸು ಟಿಕೆಟ್ಟಿನ ದಿನ ಮಾತ್ರ ಇನ್ನೂ ದೂರವಿರುತ್ತದೆ. ಆಗ ಒಂದು ಸಂಜೆ ಅಳಿಯಂದಿರು ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಕೇಳುತ್ತಾರೆ: "ಮಾವ, ಹಾಕಿ ಮ್ಯಾಚಿಗೆ ಹೋಗೋಣ್ವಾ?"

ಹಾಕಿ ಅಂದರೆ ನಮ್ಮ ಮನಸ್ಸು ಸೀದಾ ಕೊಡಗಿಗೆ ಹೋಗುತ್ತದೆ. ಹೋಗದೆ ಇನ್ನೇನು? 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಬೆಳೆದೂ ಬೆಳೆದೂ 2024ರಲ್ಲಿ ನಾಪೋಕ್ಲುವಿನಲ್ಲಿ 360 ಮನೆತನಗಳ ತಂಡಗಳನ್ನು ಕಣಕ್ಕಿಳಿಸಿತು. ಒಂದೇ ಮನೆಯ ಅಜ್ಜ, ಅತ್ತಿಗೆ, ಮೊಮ್ಮಗ ಒಂದೇ ತಂಡದಲ್ಲಿ ಕೋಲು ಹಿಡಿಯುವ ಇಂಥ ಟೂರ್ನಿ ಜಗತ್ತಿನಲ್ಲಿ ಇನ್ನೆಲ್ಲಿದೆ ಹೇಳಿ! ನಾನು ಈ ಪುರಾಣ ಬಿಚ್ಚುವಷ್ಟರಲ್ಲಿ ಮೊಮ್ಮಗಳು ಅಡ್ಡ ಬಂದಳು. "ತಾತ, ಇದು ಆ ಹಾಕಿ ಅಲ್ಲ. ಐಸ್ ಹಾಕಿ. ಸ್ವೆಟರ್ ಹಾಕ್ಕೋ."

ಹೀಗಾಗಿ, ಸ್ಯಾನ್ ಹೋಸೆ ಊರಿನ ನಡುಮಧ್ಯದಲ್ಲಿರುವ ಎಸ್‌ಎಪಿ ಸೆಂಟರಿಗೆ ಹೋಗುವುದು ಹೇಗೆ, ಅಲ್ಲಿ ಎಲ್ಲಿ ಕೂರುವುದು, ಏನು ನೋಡುವುದು ಅನ್ನುವುದನ್ನು ನನ್ನ ಸಹಯಾತ್ರಿಕರ ಉಪಯೋಗಕ್ಕಾಗಿ ಬರೆದಿಡುತ್ತಿದ್ದೇನೆ. ಆಟದ ನಿಯಮ ತಿಳಿಯಬೇಕೆಂದಿದ್ದರೆ ಮೊಮ್ಮಕ್ಕಳನ್ನು ಕೇಳಿ. ನನ್ನ ಮಾರ್ಗದರ್ಶಿ ಆಟ ಗೊತ್ತಿಲ್ಲದವರಿಗೆ, ಗೊತ್ತುಮಾಡಿಕೊಳ್ಳುವ ಅವಸರವೂ ಇಲ್ಲದವರಿಗೆ.

ಮೊದಲು ಹೆಸರು ಇತ್ಯರ್ಥವಾಗಲಿ, ದಾರಿ ಆಮೇಲೆ ಕೇಳೋಣ. 1993ರಲ್ಲಿ ಬಾಗಿಲು ತೆರೆದಾಗ ಇದು ಬರೀ ಸ್ಯಾನ್ ಹೋಸೆ ಅರೀನಾ. 2001ರಲ್ಲಿ ಕಾಂಪ್ಯಾಕ್ ಕಂಪನಿ ದುಡ್ಡು ಕೊಟ್ಟು ತನ್ನ ಹೆಸರು ಹಾಕಿಸಿಕೊಂಡಿತು. ಬೋರ್ಡಿನ ಬಣ್ಣ ಆರುವ ಮೊದಲೇ, ಅಂದರೆ 2002ರಲ್ಲಿ, ಎಚ್‌ಪಿ ಕಂಪನಿ ಕಾಂಪ್ಯಾಕನ್ನೇ ಕೊಂಡುಕೊಂಡದ್ದರಿಂದ ಇದು ಎಚ್‌ಪಿ ಪೆವಿಲಿಯನ್ ಆಯಿತು. 2013ರಿಂದ ಎಸ್‌ಎಪಿ ಸೆಂಟರ್. ಎಸ್‌ಎಪಿ ಜರ್ಮನಿಯ ಕಂಪನಿ. ಆ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಹಾಸೋ ಪ್ಲಾಟ್ನರ್ ಇಲ್ಲಿನ ಹಾಕಿ ತಂಡದ ಯಜಮಾನರೂ ಹೌದು. ಇದೇ ಕಂಪನಿಯ ದೊಡ್ಡ ಕಚೇರಿ ನಮ್ಮ ವೈಟ್‌ಫೀಲ್ಡಿನಲ್ಲಿದೆ ಅನ್ನುವುದನ್ನು ಬೆಂಗಳೂರಿನ ಸಾಫ್ಟ್‌ವೇರ್ ಮಕ್ಕಳ ಅಪ್ಪ-ಅಮ್ಮಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊರವರು ಈ ಯಾವ ಹೆಸರನ್ನೂ ತಲೆಗೆ ಹಚ್ಚಿಕೊಂಡಿಲ್ಲ. ತಂಡದ ಹೆಸರು ಶಾರ್ಕ್ಸ್, ಅದು ವಾಸಿಸುವ ಜಾಗ 'ಶಾರ್ಕ್ ಟ್ಯಾಂಕ್', ಸಲಿಗೆಯಿದ್ದವರಿಗೆ 'ಟ್ಯಾಂಕ್'. ಬೆಂಗಳೂರಿನ ಬಸ್ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂದು ಯಾವ ಕಾಲವಾಯಿತು, ಮೆಜೆಸ್ಟಿಕ್ ಟಾಕೀಸು ನೆಲಸಮವಾಗಿ ಯಾವ ಕಾಲವಾಯಿತು. ಕಂಡಕ್ಟರ್ ಇವತ್ತಿಗೂ ಕೂಗುವುದು ಏನಂತ? ಊರಿನ ನಾಲಿಗೆ ಒಮ್ಮೆ ತಿರುಗಿದರೆ ತಿರುಗಿತು.

ತಂಡಕ್ಕೆ ಶಾರ್ಕ್ಸ್ ಅಂತ ಹೆಸರಾದದ್ದೂ ಒಂದು ಕಥೆ. 1990ರಲ್ಲಿ ಜನರಿಂದಲೇ ಹೆಸರು ಕೇಳಿದರು. ಹೆಚ್ಚು ಜನ ಸೂಚಿಸಿದ್ದು ಬ್ಲೇಡ್ಸ್. ಕತ್ತಿ, ಬ್ಲೇಡು ಅಂದರೆ ಬೀದಿ ಗ್ಯಾಂಗುಗಳ ನೆನಪಾಗುತ್ತದೆ ಅಂತ ಅದನ್ನು ಬಿಟ್ಟು ಎರಡನೆಯದನ್ನು ಆರಿಸಿದರು. ಬ್ಲೇಡಿನ ಬದಲು ಹಲ್ಲು. ಅಹಿಂಸೆಯ ಕಡೆಗೆ ಒಂದು ಹೆಜ್ಜೆ ಅನ್ನೋಣವೆ?

ಊರವರು 1988ರಲ್ಲಿ ಮತ ಹಾಕಿ ಈ ಕಟ್ಟಡಕ್ಕೆ ಒಪ್ಪಿಗೆ ಕೊಟ್ಟಿದ್ದರೂ 1991ರಲ್ಲಿ ತಂಡ ಹುಟ್ಟುವಾಗ ಕಟ್ಟಡ ಮುಗಿದಿರಲಿಲ್ಲ. ಹಾಗಾಗಿ ಮೊದಲೆರಡು ಸೀಸನ್ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಡೇಲಿ ಸಿಟಿಯಲ್ಲಿ, ಕೌ ಪ್ಯಾಲೇಸ್ ಎಂಬಲ್ಲಿ ಬಾಡಿಗೆ ವಾಸ. ಹೆಸರಿಗೆ ತಕ್ಕಂತೆ ಅದು ದನಕರುಗಳ ಪ್ರದರ್ಶನಕ್ಕೆಂದು ಎಬ್ಬಿಸಿದ ಕಟ್ಟಡ. ಅಲ್ಲಿದ್ದಾಗ 1992–93ರ ಸೀಸನ್ನಿನಲ್ಲಿ 84 ಆಟಗಳಲ್ಲಿ 71 ಸೋತರು. ಎಪ್ಪತ್ತೊಂದು! ಮರುವರ್ಷ ಸ್ವಂತ ಮನೆಗೆ ಬಂದದ್ದೇ ತಡ, ಪ್ಲೇ-ಆಫ್ ತಲುಪಿ, ಬಲಾಢ್ಯ ಡೆಟ್ರಾಯ್ಟ್ ತಂಡವನ್ನು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದರು. ಇದನ್ನು ಕೇಳಿದ ನಮ್ಮ ಮನೆಯಾಕೆ ಶಾಂತವಾಗಿ ಹೇಳಿದ್ದು: "ವಾಸ್ತು." ತರಬೇತಿ, ಹೊಸ ಆಟಗಾರರು ಅಂತೆಲ್ಲ ಅಳಿಯಂದಿರು ವಿವರಿಸಲು ಹೋದರು. ಅತ್ತೆಯ ಎದುರು ಎಷ್ಟು ವಿವರಿಸಲು ಸಾಧ್ಯವೋ ಅಷ್ಟೇ ವಿವರಿಸಿ ಸುಮ್ಮನಾದರು.

ಆ ಸೋತು ಸುಣ್ಣವಾದ ತಂಡದಲ್ಲಿ ರಾಬಿನ್ ಬಾವಾ ಅನ್ನುವವರೊಬ್ಬರಿದ್ದರು. ಕೆನಡಾದಲ್ಲಿ ಹುಟ್ಟಿ ಬೆಳೆದ ಸಿಖ್ ಮನೆತನದ ಹುಡುಗ. ಅಮೆರಿಕ-ಕೆನಡಾಗಳ ಈ ದೊಡ್ಡ ಲೀಗಿನಲ್ಲಿ, ಅಂದರೆ ಎನ್‌ಎಚ್‌ಎಲ್‌ನಲ್ಲಿ, ಆಡಿದ ಭಾರತೀಯ ಮೂಲದ ಮೊದಲ ಆಟಗಾರ. 2009–10ರಲ್ಲಿ ಇನ್ನೊಬ್ಬರು ಇದೇ ತಂಡದಲ್ಲಿದ್ದರು, ಮ್ಯಾನಿ ಮಲ್ಹೋತ್ರಾ. ಅಲ್ಲಿಗೆ ಹೋಗುವ ಮುಂಚೆ ಈ ಎರಡು ಹೆಸರು ಕಂಠಪಾಠ ಮಾಡಿಕೊಳ್ಳಿ. ಪಕ್ಕದ ಸೀಟಿನವರ ಜತೆ ಮಾತು ಶುರುಮಾಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅವರು ನಿಮ್ಮನ್ನು ಹಾಕಿ ಪಂಡಿತರೆಂದು ತಿಳಿಯುತ್ತಾರೆ. ತಿಳಿಯಲಿ ಬಿಡಿ.

ಈಗ ದಾರಿ. ಕಾರಿನಲ್ಲಿ ಹೋಗುವವರ ಪಾಡು ಕಾರಿನಲ್ಲಿ ಹೋಗುವವರಿಗೇ. ನನ್ನ ಸಲಹೆ ರೈಲು. ಡಿರಿಡಾನ್ ಸ್ಟೇಷನ್ ಅರೀನಾದ ಎದುರಿಗೇ ಇದೆ, ಇಳಿದು ರಸ್ತೆ ದಾಟಿದರೆ ಆಯಿತು. 1935ರಲ್ಲಿ ಕಟ್ಟಿದ ಇಟ್ಟಿಗೆ ಸ್ಟೇಷನ್ನು. ಸ್ಯಾನ್ ಫ್ರಾನ್ಸಿಸ್ಕೋ ಕಡೆಯಿಂದ ಬರುವ ಕ್ಯಾಲ್‌ಟ್ರೇನ್ ಇಲ್ಲಿ ನಿಲ್ಲುತ್ತದೆ. 2024ರ ಸೆಪ್ಟೆಂಬರಿನಲ್ಲಿ ಆ ರೈಲು ಡೀಸೆಲ್ ಬಿಟ್ಟು ವಿದ್ಯುತ್ತಿಗೆ ಬಂತು. ಜಗತ್ತಿಗೆಲ್ಲ ಚಿಪ್ಪು, ಫೋನು, ಬುದ್ಧಿವಂತಿಕೆ ಹಂಚಿದ ಸಿಲಿಕಾನ್ ಕಣಿವೆಗೆ ಕರೆಂಟಿನ ರೈಲು ಅಷ್ಟು ತಡವಾಗಿ ಬಂತೇ ಅಂತ ನಾನು ಕೇಳಿದ್ದಕ್ಕೆ ಮಗಳು "ಅಪ್ಪಾ, ಮೆಲ್ಲಗೆ ಮಾತಾಡಿ" ಅಂದಳು. ಕನ್ನಡದಲ್ಲಿ ಮಾತಾಡುವಾಗ ಮೆಲ್ಲಗೆ ಯಾಕೆ ಅಂತೀರಾ? ಈ ಕಡೆಯ ರೈಲಿನಲ್ಲಿ ಕನ್ನಡದ ಮರೆ ಸಾಲದು. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ. ಅಮೆರಿಕದ ಕನ್ನಡ ಕೂಟಗಳೆಲ್ಲ ಸೇರುವ ಅಕ್ಕ ಸಮ್ಮೇಳನ 2014ರಲ್ಲಿ ಇದೇ ಸ್ಯಾನ್ ಹೋಸೆಯ ಕನ್ವೆನ್ಷನ್ ಸೆಂಟರಿನಲ್ಲಿ ನಡೆದಿತ್ತು. ಎದುರು ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತವನು ಹಾಸನದವನೇ ಆಗಿರಬಹುದು, ಮತ್ತು ಆ ಇಯರ್‌ಫೋನಿನಲ್ಲಿ ಏನೂ ಓಡುತ್ತಿರದಿರಬಹುದು.

ಆಟ ಸಂಜೆ ಏಳರ ಸುಮಾರಿಗೆ ಅನ್ನಿ. ಒಂದೆರಡು ಗಂಟೆ ಮೊದಲೇ ಇಳಿದರೆ ಗ್ವಾಡಲೂಪೆ ನದಿ ದಾಟಿ ಸ್ಯಾನ್ ಪೆಡ್ರೋ ಸ್ಕ್ವೇರ್ ಕಡೆಗೆ ನಡೆಯಬಹುದು. ನದಿ ಅಂದರೆ ಕಾವೇರಿಯನ್ನು ನೆನೆಸಿಕೊಳ್ಳಬೇಡಿ, ಬೇಸಿಗೆಯಲ್ಲಿ ಅದು ಇದೆಯೋ ಇಲ್ಲವೋ ಅನ್ನುವಷ್ಟು ಸಂಕೋಚದ ನದಿ. ಅಲ್ಲಿನ ಮಾರ್ಕೆಟ್ಟಿನ ಪಕ್ಕದಲ್ಲಿ 1797ರ ಒಂದು ಮಣ್ಣಿನ ಮನೆ ಉಳಿದಿದೆ, ಪೆರಾಲ್ಟಾ ಅಡೋಬಿ ಅಂತ. ಹಸಿ ಇಟ್ಟಿಗೆಯ ಗೋಡೆ, ತಗ್ಗು ಬಾಗಿಲು. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಇನ್ನೂ ಆಳುತ್ತಿದ್ದಾಗ ಎದ್ದ ಗೋಡೆ ಅದು. ಈ ಊರಿನಲ್ಲಿ ಅದಕ್ಕಿಂತ ಹಳೆಯ ಕಟ್ಟಡವಿಲ್ಲ. ಸಸ್ಯಾಹಾರಿಗಳು ಹೊಟ್ಟೆ ತುಂಬಿಸಿಕೊಳ್ಳುವ ಕೆಲಸ ಇಲ್ಲೇ ಮುಗಿಸುವುದು ಕ್ಷೇಮ. ಅರೀನಾದೊಳಗೆ ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ಫ್ರೈಸು, ನಾಚೋಸು ಸಿಗುತ್ತವೆ ನಿಜ, ಆದರೆ ನಮ್ಮ ವಯಸ್ಸಿಗೆ ಅದೊಂದು ಊಟವೆ?

ದೊಡ್ಡ ಚೀಲ ತರಬೇಡಿ, ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಅಂತ ಮಗಳು ಹೊರಡುವ ಮುಂಚೆಯೇ ಸಾರಿದ್ದಳು. ಆದರೂ ನಮ್ಮ ಮನೆಯಾಕೆಯ ಕೈಚೀಲದಲ್ಲಿ ಕೋಡುಬಳೆ ಪೊಟ್ಟಣ ಬಂದೇ ಬಂದಿತ್ತು. ಗೇಟಿಗೆ ಹೋಗುವ ಮೊದಲು ಖಾಲಿ ಮಾಡಬೇಕಲ್ಲ, ಸ್ಟೇಷನ್ನಿನ ಬೆಂಚಿನ ಮೇಲೆ ಎಲ್ಲರೂ ಕೂತೆವು. ಪಕ್ಕದಲ್ಲಿ ನೀಲಿಹಸಿರು ಜೆರ್ಸಿ ತೊಟ್ಟ, ಗಡ್ಡಕ್ಕೂ ಅದೇ ಬಣ್ಣ ಬಳಿದುಕೊಂಡ ಆಸಾಮಿಯೊಬ್ಬ. ಆಕೆ ಒಂದು ಬಳೆ ಅವನ ಮುಂದೆ ಹಿಡಿದಳು. ಅವನು ಅದನ್ನು ಬೆಳಕಿಗೆ ಎತ್ತಿ, ತೂತಿನಲ್ಲಿ ಒಂದು ಕಣ್ಣಿಟ್ಟು ನೋಡಿ, ಬೆರಳಿಗೆ ಉಂಗುರದಂತೆ ಹಾಕಿಕೊಂಡು, ಆಮೇಲೆ ಕಟುಂ ಅಂತ ಕಚ್ಚಿದ. ಖಾರ ಹತ್ತಿರಬೇಕು, ಕಣ್ಣಲ್ಲಿ ನೀರು. ಆದರೂ ಇನ್ನೊಂದಕ್ಕೆ ಕೈಯೊಡ್ಡಿದ. ರೈಲಿಳಿದು ಬಂದವರೆಲ್ಲ ಅವನ ಗಡ್ಡದ ಮೇಲಿನ ಅಕ್ಕಿಹಿಟ್ಟಿನ ಪುಡಿ ನೋಡಿ ನಗುತ್ತಾ ಹೋದರು.

ಒಳಗೆ ಕಾಲಿಟ್ಟರೆ ಚಳಿ. ಹೊರಗೆ ಅಂಗಿ ಸಾಕೆನಿಸುವ ಹವೆ, ಒಳಗೆ ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಮಂಜುಗಡ್ಡೆ. ಇದನ್ನು ಹೇಗೆ ಮಾಡುತ್ತಾರೆ ಅನ್ನುವುದೇ ನನಗೆ ಆಟಕ್ಕಿಂತ ದೊಡ್ಡ ಸೋಜಿಗ. ಕಾಂಕ್ರೀಟು ನೆಲದೊಳಗೆ ಕೊಳವೆಗಳ ಜಾಲ. ಅದರಲ್ಲಿ ಸೊನ್ನೆಗಿಂತ ಕೆಳಗೆ ತಣಿಸಿದರೂ ಹೆಪ್ಪುಗಟ್ಟದ ದ್ರವ ಹರಿಯುತ್ತಿರುತ್ತದೆ. ಮೇಲೆ ನೀರನ್ನು ತೆಳ್ಳಗೆ ಸಿಂಪಡಿಸಿ, ಅದು ಗಟ್ಟಿಯಾದ ಮೇಲೆ ಮತ್ತೆ ಸಿಂಪಡಿಸಿ, ನಡುವೆ ಬಿಳಿ ಬಣ್ಣ ಬಳಿದು, ಕೆಂಪು-ನೀಲಿ ಗೆರೆ ಎಳೆದು, ಮತ್ತೆ ನೀರು. ಇಷ್ಟೆಲ್ಲ ಪದರ ಸೇರಿದರೂ ದಪ್ಪ ಒಂದು ಅಂಗುಲ, ಒಂದೂಕಾಲು ಅಂಗುಲ ಅಷ್ಟೆ. ಬಿಳಿ ಬಣ್ಣ ಯಾಕೆ ಅಂದರೆ, ಬಳಿಯದಿದ್ದರೆ ತಳದ ಸಿಮೆಂಟು ಕಾಣುತ್ತದೆ. ನಾವು ಬೆಳ್ಳಗಿನ ಹಿಮ ಅಂತ ಮೆಚ್ಚುವುದು ಪೇಂಟನ್ನು.

ಈ ಮಂಜಿನ ಮೇಲೆ ಹನ್ನೆರಡು ಜೊತೆ ಸ್ಕೇಟುಗಳು ಇಪ್ಪತ್ತು ನಿಮಿಷ ಗೀರಿದರೆ ಅದು ಕೆದರಿದ ಹೊಲ. ಆಗ ಬರುತ್ತದೆ ನೋಡಿ ಜಾಂಬೋನಿ. ಮೆಲ್ಲಗೆ, ಗಾಂಭೀರ್ಯದಿಂದ, ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ; ನಮ್ಮಜ್ಜಿ ಹಬ್ಬದ ಹಿಂದಿನ ದಿನ ಅಂಗಳ ಸಾರಿಸುತ್ತಿದ್ದ ಹಾಗೆ, ಒಂದು ಪಟ್ಟಿಯ ಅಂಚನ್ನು ಇನ್ನೊಂದು ಪಟ್ಟಿ ಸ್ವಲ್ಪವೇ ತುಳಿಯುವಂತೆ. ಮೊದಲು ಒಂದು ಅಲಗು ಹೊರಮೈ ಹೆರೆಯುತ್ತದೆ, ಹೆರೆದ ಪುಡಿಯನ್ನು ಯಂತ್ರ ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಹಿಂದುಗಡೆ ಒದ್ದೆ ಬಟ್ಟೆಯೊಂದು ಬಿಸಿನೀರು ಸವರುತ್ತದೆ. ಹೌದು, ಬಿಸಿನೀರು.

ಈ ಯಂತ್ರ ಕಂಡುಹಿಡಿದವರು ನಾರ್ವೆಯವರೋ ಕೆನಡಾದವರೋ ಇರಬೇಕು ಅಂದುಕೊಂಡಿರಾ? ಬಿಸಿಲಿನ ದಕ್ಷಿಣ ಕ್ಯಾಲಿಫೋರ್ನಿಯಾದವರು. ಫ್ರ್ಯಾಂಕ್ ಜಾಂಬೋನಿ ಮತ್ತು ಅವರ ತಮ್ಮ ಮಂಜುಗಡ್ಡೆಯ ದಿಮ್ಮಿ ಮಾಡಿ ಮಾರುತ್ತಿದ್ದರು. ಮನೆಮನೆಗೆ ಫ್ರಿಜ್ ಬಂದು ವ್ಯಾಪಾರ ಬಿದ್ದುಹೋಯಿತು. ಇರುವ ತಂಪು ಯಂತ್ರಗಳನ್ನು ಏನು ಮಾಡುವುದು? 1940ರಲ್ಲಿ ಸ್ಕೇಟಿಂಗ್ ಅಂಗಳ ತೆರೆದರು. ಅದನ್ನು ನಯ ಮಾಡಲು ಮೂರು ನಾಲ್ಕು ಆಳಿಗೆ ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ವರ್ಷಗಟ್ಟಲೆ ತಲೆಕೆಡಿಸಿಕೊಂಡು 1949ರಲ್ಲಿ ಆ ಕೆಲಸವನ್ನು ಸುಮಾರು ಹತ್ತು ನಿಮಿಷಕ್ಕೆ ಇಳಿಸುವ ಬಂಡಿ ಮಾಡಿದರು. ಪೀನಟ್ಸ್ ವ್ಯಂಗ್ಯಚಿತ್ರಗಳ ಚಾರ್ಲ್ಸ್ ಶುಲ್ಜ್ ಇದ್ದರಲ್ಲ, ಸ್ನೂಪಿ ನಾಯಿಯ ಜನಕ, ಅವರಿಗೂ ಈ ಜಾಂಬೋನಿಯ ಹುಚ್ಚು. ಸ್ನೂಪಿಯಿಂದ ಅದನ್ನು ಓಡಿಸಿದ್ದೂ ಆಯಿತು, 1969ರಲ್ಲಿ ಇಲ್ಲೇ ಉತ್ತರಕ್ಕಿರುವ ಸಾಂತಾ ರೋಸಾ ಊರಿನಲ್ಲಿ ಸ್ವಂತದ್ದೊಂದು ಐಸ್ ಅಂಗಳವನ್ನೇ ಕಟ್ಟಿಸಿದ್ದೂ ಆಯಿತು. ಆದ್ದರಿಂದ ವಿರಾಮದಲ್ಲಿ ಎಲ್ಲರೂ ಬಿಯರಿಗೆ, ಬಾತ್‌ರೂಮಿಗೆ ಎದ್ದು ಹೋಗುವಾಗ ನೀವು ಏಳಬೇಡಿ. ನನ್ನ ಲೆಕ್ಕದಲ್ಲಿ ಸಂಜೆಯ ಅತ್ಯುತ್ತಮ ಆಟ ಅದೇ. ಅವಸರವಿಲ್ಲ, ಜಗಳವಿಲ್ಲ, ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಆದರೆ ನಾನು ವಿರಾಮಕ್ಕೆ ಹೋಗಿಬಿಟ್ಟೆ, ಆಟವೇ ಶುರುವಾಗಿಲ್ಲ. ತಂಡದ ಒಡ್ಡೋಲಗ ಆಗಬೇಡವೆ? ದೀಪವೆಲ್ಲ ಆರುತ್ತವೆ. ಸೂರಿನಿಂದ ಹದಿನೇಳು ಅಡಿ ಎತ್ತರದ ಶಾರ್ಕ್ ತಲೆ ಇಳಿಯುತ್ತದೆ, ಕಣ್ಣು ಕೆಂಪಗೆ ಉರಿಯುತ್ತವೆ, ಬಾಯಿಂದ ಹೊಗೆ. ಮೆಟಾಲಿಕಾದ ಗಿಟಾರುಗಳು ಎದೆಯೊಳಗೇ ಬಾರಿಸತೊಡಗುತ್ತವೆ, ಆ ಹಲ್ಲುಗಳ ನಡುವಿನಿಂದ ಆಟಗಾರರು ಒಬ್ಬೊಬ್ಬರಾಗಿ ಜಾರಿ ಹೊರಬರುತ್ತಾರೆ. ಮೆಟಾಲಿಕಾ ಈ ಕಡೆಯವರೇ, ಬೇ ಏರಿಯಾದ ವಾದ್ಯವೃಂದ. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರು ಅಂತ ಅಳಿಯಂದಿರು ನೆನಪಿಸಿದರು. ದಿಲ್ಲಿ ಬಳಿಯ ಕಾರ್ಯಕ್ರಮ ಗಲಾಟೆಯಲ್ಲಿ ನಿಂತುಹೋಗಿ, ಭಾರತದಲ್ಲಿ ಅವರನ್ನು ಕೇಳಿದ ಪುಣ್ಯ ಬೆಂಗಳೂರಿಗೇ ದಕ್ಕಿತ್ತಂತೆ. "ನಾನೂ ಹೋಗಿದ್ದೆ ಮಾವ" ಅಂದರು. ಆ ದಿನ ಅವರು ಆಫೀಸಿನಲ್ಲಿದ್ದರೆಂದು ಮಗಳು ಇಷ್ಟು ವರ್ಷ ತಿಳಿದಿದ್ದಳು. ಆಮೇಲಿನ ಸಂಭಾಷಣೆ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

ಸೂರಿನಿಂದ ಇಳಿಯುವುದು ಇಲ್ಲಿನ ಸಂಪ್ರದಾಯ. ತಂಡದ ವೇಷಧಾರಿ ಶಾರ್ಕಿ ಕೂಡ ಹಿಂದೆ ಹಗ್ಗ ಹಿಡಿದು ಮೇಲಿನಿಂದ ಇಳಿಯುತ್ತಿತ್ತು. 1999ರಲ್ಲಿ ಡೆಟ್ರಾಯ್ಟ್ ತಂಡದ ಎದುರಿನ ಆಟಕ್ಕೆ ಮುಂಚೆ ಅದರ ಜೆರ್ಸಿ ಹಗ್ಗದ ಕೊಂಡಿಗೆ ಸಿಕ್ಕಿಕೊಂಡು, ಮೇಲೂ ಹೋಗದೆ ಕೆಳಗೂ ಬಾರದೆ ತ್ರಿಶಂಕುವಾಯಿತು. ಕೆಳಗೆ ಎರಡು ತಂಡಗಳೂ ತಲೆಯೆತ್ತಿ ನೋಡುತ್ತಾ ಕಾದವು, ಆಟ ತಡವಾಯಿತು. ಪಾಪ, ಒಳಗಿದ್ದ ಮನುಷ್ಯನ ಗತಿ! ಆದರೆ ಆಗಲೂ ಮೂತಿಯ ಮೇಲಿನ ನಗು ಹಾಗೇ ಇತ್ತು. ಹೊಲಿದ ನಗುವಲ್ಲವೆ, ಎಲ್ಲಿಗೆ ಹೋದೀತು?

ಸರಿ, ಆಟ. ಮೂರಂಗುಲ ಅಗಲ, ಒಂದಂಗುಲ ದಪ್ಪದ ಕಪ್ಪು ರಬ್ಬರ್ ಬಿಲ್ಲೆ, ಪಕ್. ಪುಟಿಯದಿರಲಿ ಅಂತ ಅದನ್ನೂ ಫ್ರೀಜರಿನಲ್ಲಿಟ್ಟು ತಂದಿರುತ್ತಾರೆ. ಜೋರಾಗಿ ಬಾರಿಸಿದರೆ ಗಂಟೆಗೆ 160 ಕಿಲೋಮೀಟರಿನ ವೇಗ. ಕನ್ನಡಕ ಒರೆಸಿ ನೋಡಿದೆ, ತೆಗೆದು ನೋಡಿದೆ. ಹುಡುಗರೆಲ್ಲ ಅತ್ತ ಓಡಿದರು, ನಾನೂ ಅತ್ತ ನೋಡಿದೆ. ಅಷ್ಟರಲ್ಲಿ ಜನ ಇತ್ತ ಕೂಗಿದರು. ಇದು ನಮ್ಮ ಪೊರೆ ಬಂದ ಕಣ್ಣಿನ ದೋಷವೆಂದು ತಿಳಿಯಬೇಡಿ. ಅಮೆರಿಕನ್ನರಿಗೂ ಕಾಣುವುದಿಲ್ಲ! ಟಿವಿಯಲ್ಲಿ ಪಕ್ ಕಾಣುವುದಿಲ್ಲ ಅಂತ ಜನ ಗೊಣಗಿದ್ದಕ್ಕೆ ಫಾಕ್ಸ್ ಚಾನೆಲ್ಲಿನವರು 1996ರಲ್ಲಿ ಪಕ್ಕಿನೊಳಗೇ ಎಲೆಕ್ಟ್ರಾನಿಕ್ಸ್ ಹುದುಗಿಸಿ, ಪರದೆಯ ಮೇಲೆ ಅದರ ಸುತ್ತ ನೀಲಿ ಪ್ರಭಾವಳಿ, ಜೋರಾಗಿ ಹೊಡೆದಾಗ ಹಿಂದೆ ಕೆಂಪು ಬಾಲ ಬರುವಂತೆ ಮಾಡಿದರು. ಹಳೆಯ ಅಭಿಮಾನಿಗಳು ನಮ್ಮ ಆಟವನ್ನು ವಿಡಿಯೊ ಗೇಮ್ ಮಾಡಿದಿರಿ ಅಂತ ಹರಿಹಾಯ್ದರು. 1998ರಲ್ಲಿ ಬಾಲವೂ ಹೋಯಿತು, ಪ್ರಭಾವಳಿಯೂ ಹೋಯಿತು. ಕಾಣದಿರುವುದೇ ಅದರ ಮಹಿಮೆ ಅಂತ ಊರು ತೀರ್ಮಾನಿಸಿದಂತಾಯಿತು.

ಹಾಗಾಗಿ ನನ್ನ ಮಾರ್ಗದರ್ಶಿಯಲ್ಲಿ ದಪ್ಪ ಅಕ್ಷರದಲ್ಲಿರಬೇಕಾದ ಸೂಚನೆ: ಪಕ್ ಹುಡುಕಬೇಡಿ. ಹುಡುಕಿದವನು ಅದೊಂದನ್ನೂ ಕಾಣುವುದಿಲ್ಲ, ಉಳಿದದ್ದನ್ನೂ ಕಾಣುವುದಿಲ್ಲ. ಉಳಿದದ್ದು ಎಷ್ಟಿದೆ! ಎದುರಾಳಿಯಲ್ಲೊಬ್ಬ ತಪ್ಪು ಮಾಡಿ ಹೊರಗೆ ಹೋದರೆ ಹದಿನೇಳು ಸಾವಿರ ಜನ ಎರಡೂ ತೋಳು ಮುಂದೆ ಚಾಚಿ, ಮೇಲೆ ಕೆಳಗೆ ಆಡಿಸಿ ಶಾರ್ಕಿನ ದವಡೆಯಾಗುತ್ತಾರೆ. ನಮ್ಮ ಮನೆಯಾಕೆಯೂ ಆದಳು. ತಪ್ಪು ಮಾಡಿದವನಿಗೆ ಎರಡು ನಿಮಿಷ ಗಾಜಿನ ಗೂಡಿನಲ್ಲಿ ಸೆರೆವಾಸ. "ಅಜ್ಜಿ, ಅವನು ಸ್ಟಿಕ್ ಅಡ್ಡ ಹಾಕಿ ಬೀಳಿಸಿದ, ಅದಕ್ಕೆ ಪನಿಷ್‌ಮೆಂಟು" ಅಂದಳು ಮೊಮ್ಮಗಳು. "ಪನಿಷ್‌ಮೆಂಟು ಎಲ್ಲಿ ಬಂತೇ ಪುಟ್ಟಿ, ಮುಂದಿನ ಸಾಲಿನಲ್ಲೇ ಕೂರಿಸಿ ನೀರು ಬೇರೆ ಕೊಟ್ಟಿದಾರೆ." ಮತ್ತೊಮ್ಮೆ ಇಬ್ಬರು ಕೈಗವಸು ಕಿತ್ತೆಸೆದು ಮುಷ್ಟಿಯುದ್ಧಕ್ಕೇ ನಿಂತರು. ತೀರ್ಪುಗಾರರು ಹತ್ತಿರದಲ್ಲೇ ಕೈಕಟ್ಟಿ ನಿಂತು, ಒಬ್ಬ ಬಿದ್ದ ಮೇಲೆ ಬಿಡಿಸಿ, ಇಬ್ಬರಿಗೂ ಐದೈದು ನಿಮಿಷ ಕೊಟ್ಟರು. "ಬಿಡಿಸೋಕೆ ಮೊದಲೇ ಹೋಗಬಾರದಿತ್ತೇನ್ರೀ?" ಅಂತ ಆಕೆ ನನ್ನನ್ನು ಕೇಳಿದ ರೀತಿಗೆ, ಹೋಗಬೇಕಾದವನು ನಾನೇ ಇರಬೇಕು ಅನ್ನಿಸಿತು.

ಯಾರಾದರೂ ಮೂರು ಗೋಲು ಹೊಡೆದರೆ ಇನ್ನೊಂದು ತಮಾಷೆ: ಜನ ತಮ್ಮ ಟೋಪಿಗಳನ್ನು ಅಂಗಳಕ್ಕೆಸೆಯುತ್ತಾರೆ. ಹ್ಯಾಟ್ರಿಕ್ಕಿಗೆ ನಿಜವಾದ ಹ್ಯಾಟು! ಇದರ ಬೇರು ನಮ್ಮ ಕ್ರಿಕೆಟ್ಟಿನಲ್ಲೇ ಇದೆ. 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಎಚ್.ಎಚ್. ಸ್ಟೀಫನ್‌ಸನ್ ಮೂರು ಎಸೆತಕ್ಕೆ ಮೂರು ವಿಕೆಟ್ ಉರುಳಿಸಿದಾಗ ಜನ ಚಂದಾ ಎತ್ತಿ ಒಂದು ಟೋಪಿ ಕೊಡಿಸಿದರಂತೆ. ಅಲ್ಲಿಂದ ಹೊರಟದ್ದು ಕೆನಡಾಕ್ಕೂ ಬಂತು, ಗಾಂಧಿನಗರಕ್ಕೂ ಬಂತು. 'ಆನಂದ್', 'ರಥಸಪ್ತಮಿ', 'ಮನ ಮೆಚ್ಚಿದ ಹುಡುಗಿ' ಮೂರೂ ಗೆದ್ದು ನಮ್ಮ ಶಿವಣ್ಣ ಹ್ಯಾಟ್ರಿಕ್ ಹೀರೋ ಆಗಲಿಲ್ಲವೆ? ಡೆಟ್ರಾಯ್ಟಿನಲ್ಲಿ ಪ್ಲೇ-ಆಫ್ ಬಂದರೆ ಆಕ್ಟೋಪಸ್ಸನ್ನೂ ಎಸೆಯುತ್ತಾರೆ. 1952ರಲ್ಲಿ ಲೀಗಿನ ಕಪ್ ಗೆಲ್ಲಲು ಎಂಟು ಗೆಲುವು ಬೇಕಿತ್ತು, ಆಕ್ಟೋಪಸ್ಸಿಗೆ ಎಂಟು ತೋಳು, ಲೆಕ್ಕ ಸರಿ ಹೋಯಿತು. ಈಗ ಹದಿನಾರು ಗೆಲುವು ಬೇಕು. ಎರಡು ಎಸೆಯುತ್ತಾರೋ ಏನೋ.

ಟೋಪಿಯ ಮಾತಿಗೆ ಪಕ್ಕದ ಸೀಟಿನ ಹಿರಿಯರು ಬಾಯಿ ಹಾಕಿದರು. 1997ರಲ್ಲಿ ಆಲ್-ಸ್ಟಾರ್ ಆಟ ಇಲ್ಲೇ ನಡೆದಾಗ ಶಾರ್ಕ್ಸ್‌ನ ಓವೆನ್ ನೋಲನ್ ಒಬ್ಬನೇ ಮುನ್ನುಗ್ಗುತ್ತಾ, ಗೋಲಿನ ಯಾವ ಮೂಲೆಗೆ ಹೊಡೆಯುತ್ತೇನೆಂದು ಮೊದಲೇ ಬೆರಳು ಮಾಡಿ ತೋರಿಸಿ, ಜಗತ್ಪ್ರಸಿದ್ಧ ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್‌ಗೆ ಅದೇ ಮೂಲೆಯಲ್ಲಿ ಮೂರನೇ ಗೋಲು ಹಾಕಿದ್ದರು. ಅಲ್ಲಿಂದ ಅವರ ಮಾತು 2019ರ ಏಪ್ರಿಲ್ 23ಕ್ಕೆ ಹಾರಿತು. ಲಾಸ್ ವೇಗಸ್ ಎದುರು ಏಳನೇ, ನಿರ್ಣಾಯಕ ಆಟ. ಶಾರ್ಕ್ಸ್ ಸೊನ್ನೆ, ವೇಗಸ್ ಮೂರು. ಶಾರ್ಕ್ಸ್ ನಾಯಕ ಜೋ ಪವೆಲ್ಸ್ಕಿ ಬಿದ್ದು ತಲೆಯಿಂದ ರಕ್ತ ಸುರಿಯಿತು, ಎದುರಾಳಿಗೆ ಐದು ನಿಮಿಷದ ಶಿಕ್ಷೆಯಾಯಿತು, ಆ ಐದು ನಿಮಿಷದೊಳಗೆ ಶಾರ್ಕ್ಸ್ ನಾಲ್ಕು ಗೋಲು ಹೊಡೆದರು! ವೇಗಸ್ ಸರಿಗಟ್ಟಿತು, ಹೆಚ್ಚುವರಿ ಅವಧಿಯಲ್ಲಿ ಬಾರ್ಕ್ಲೇ ಗುಡ್ರೋ ಗೆಲ್ಲಿಸಿದರು. ಈ ಕಥೆ ಮುಗಿಯುವಷ್ಟರಲ್ಲಿ ನಮ್ಮ ಮುಂದೆ ಎರಡು ಗೋಲು ಆಗಿಹೋಗಿದ್ದವು. ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಇಬ್ಬರಿಗೂ ಬೇಸರವಾದಂತೆ ಕಾಣಲಿಲ್ಲ.

ಸೀಟಿನ ವಿಷಯ ಹೇಳಲೇಬೇಕು. ನೂರರ ಸಾಲು ಕೆಳಗೆ, ಇನ್ನೂರರ ಸಾಲು ಮೇಲೆ. ಗಾಜಿಗೆ ಮೂಗು ತಾಗಿಸಿ ಕೂತರೆ ಆಟಗಾರರು ಗೋಡೆಗೆ ಢೀ ಎನ್ನುವಾಗ ನಿಮ್ಮ ಕಾಫಿಯೂ ಅಲುಗುತ್ತದೆ. ಆದರೆ ಆಟದ ನಡೆ ತಿಳಿಯುವುದು ಮೇಲಿನಿಂದ. ಮೆಟ್ಟಿಲು ಕಡಿದಾಗಿವೆ, ಮಂಡಿನೋವಿನವರು ಕಂಬಿ ಹಿಡಿದು ನಿಧಾನಕ್ಕೆ ಹತ್ತಿ. ಗೋಲುಗಳ ಹಿಂದೆ ಎತ್ತರಕ್ಕೆ ಬಲೆ ಕಟ್ಟಿದ್ದಾರೆ. 2002ರಲ್ಲಿ ಕೊಲಂಬಸ್ ಊರಿನಲ್ಲಿ ಪಕ್ ಬಡಿದು ಒಂದು ಹುಡುಗಿ ತೀರಿಕೊಂಡ ಮೇಲೆ ಎಲ್ಲ ಅಂಗಳಗಳಲ್ಲೂ ಅದು ಕಡ್ಡಾಯವಾಯಿತು. ಇನ್ನೊಂದು ಶಿಸ್ತು: ಆಟ ನಡೆಯುತ್ತಿರುವಾಗ ಸೀಟಿಗೆ ಹೋಗುವಂತಿಲ್ಲ. ಶಿಳ್ಳೆ ಬೀಳುವವರೆಗೆ ಬಾಗಿಲ ಬಳಿ ನಿಲ್ಲಿಸುತ್ತಾರೆ. ನಮ್ಮ ಸಂಗೀತ ಕಛೇರಿಗಳಲ್ಲಿ ಮೊಬೈಲ್ ಹಿಡಿದು ಆಲಾಪನೆಯ ನಡುವೆ ಸಾಲು ದಾಟುವ ಮಹನೀಯರನ್ನು ಇಲ್ಲಿಗೆ ಒಂದು ವಾರದ ತರಬೇತಿಗೆ ಕಳಿಸಬೇಕು.

ಕಛೇರಿ ಅಂದಾಗ ನೆನಪಾಯಿತು, ಇಲ್ಲಿ ಹಾಡು-ಕುಣಿತಗಳೂ ನಡೆಯುತ್ತವೆ. ಆಗ ಮಂಜುಗಡ್ಡೆ ಕರಗಿಸುತ್ತಾರೇನು ಅಂತ ಕೇಳಿದೆ. ಇಲ್ಲವಂತೆ. ಮೇಲೆ ಶಾಖ ತಡೆಯುವ ಹಲಗೆಗಳನ್ನು ಜೋಡಿಸಿ, ಅದರ ಮೇಲೆ ವೇದಿಕೆ, ಕುರ್ಚಿ. ರಾತ್ರಿ ಹಾಡು ಮುಗಿದದ್ದೇ ತಡ, ಕೆಲಸಗಾರರ ದಂಡು ಬಂದು ಎಲ್ಲ ಬಿಚ್ಚಿ, ಬೆಳಗಾಗುವಷ್ಟರಲ್ಲಿ ಹಾಕಿಗೆ ಅಣಿಮಾಡುತ್ತದೆ. 2015ರ ಸೆಪ್ಟೆಂಬರ್ 27ರಂದು ಪ್ರಧಾನಿ ನರೇಂದ್ರ ಮೋದಿಯವರು ಮಾತಾಡಿದ್ದೂ ಇದೇ ಕಟ್ಟಡದಲ್ಲಿ. ಸುಮಾರು ಹದಿನೆಂಟು ಸಾವಿರ ಜನ ಸೇರಿದ್ದರು, ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ವಿಮಾನ ಎಂದು ಘೋಷಿಸಿದ್ದು ಆ ಸಭೆಯಲ್ಲೇ. ಸಂಗೀತಕ್ಕೆ ಹೋಗುವ ಹಿರಿಯರಿಗೆ ಒಂದೇ ಮಾತು: ನೆಲದ ಮೇಲಿನ ದುಬಾರಿ ಕುರ್ಚಿಗೆ ಆಸೆಪಡಬೇಡಿ. ಮೊದಲ ಹಾಡಿಗೇ ಎಲ್ಲರೂ ಎದ್ದು ನಿಲ್ಲುತ್ತಾರೆ, ಕೊನೆಯ ಹಾಡಿನವರೆಗೂ ಕೂರುವುದಿಲ್ಲ. ನಿಮಗೆ ಕಾಣುವುದು ಮುಂದಿನವನ ಬೆನ್ನು, ಕಾಲಡಿಯಿಂದ ಬರುವುದು ತಂಪು. ಪಕ್ಕದ ಇಳಿಜಾರಿನಲ್ಲಿ ಕೂತರೆ ಗಾಯಕಿ ಸಣ್ಣಗೆ ಕಾಣುತ್ತಾಳೆ, ಆದರೆ ಕಾಣುತ್ತಾಳೆ.

ಆಟ ಮುಗಿಯಲು ಎರಡು ನಿಮಿಷ ಇದೆ ಅನ್ನುವಾಗ ಗದ್ದಲ ತಪ್ಪಿಸಿಕೊಳ್ಳಲು ಏಳೋಣ ಅನ್ನುತ್ತಾರೆ ಅಳಿಯಂದಿರು. ಏಳಬೇಡಿ. ಸೋಲುತ್ತಿರುವ ತಂಡ ಆಗ ತನ್ನ ಗೋಲ್‌ಕೀಪರನ್ನೇ ಹೊರಗೆ ಕರೆದು, ಬದಲಿಗೆ ಇನ್ನೊಬ್ಬ ದಾಳಿಕಾರನನ್ನು ಬಿಡುತ್ತದೆ. ಬಾಗಿಲು ತೆರೆದಿಟ್ಟು ಯುದ್ಧಕ್ಕೆ ಹೋದಂತೆ! ಬರೀ ಗೋಲಿಗೆ ಆ ತುದಿಯಿಂದ ಯಾರೋ ಪಕ್ ತಳ್ಳಿದರೆ ಅದು ಅಷ್ಟುದ್ದ ಒಂಟಿಯಾಗಿ ಜಾರುತ್ತಾ ಬರುತ್ತದೆ, ಆಗ ಯಾರ ಕಣ್ಣಿಗಾದರೂ ಕಂಡೀತು. ಕಂಡಿತು ಅಂತ ನಮ್ಮ ಮನೆಯಾಕೆ ಸಾಧಿಸುತ್ತಾಳೆ. ನಾನು ಆಗ ಜಾಂಬೋನಿ ಎಲ್ಲಿ ನಿಲ್ಲಿಸಿರುತ್ತಾರೆ ಅಂತ ಹುಡುಕುತ್ತಿದ್ದೆ.

ಟಿಕೆಟ್ಟಿಗೆ ಎಷ್ಟು ಅನ್ನುವುದನ್ನು ಮಾತ್ರ ನಾನು ಬರೆಯಲಿಲ್ಲ, ಗಮನಿಸಿರಬಹುದು. ಮಕ್ಕಳು ನಮಗೆ ಹೇಳುವುದಿಲ್ಲ, ನಾವೂ ಕೇಳಬಾರದು. ಎಲ್ಲವೂ ಅವರ ಫೋನಿನಲ್ಲಿರುತ್ತದೆ, ಅಲ್ಲೇ ಇರಲಿ. ಒಮ್ಮೆ ಆ ಅಂಕಿ ಕಿವಿಗೆ ಬಿತ್ತೋ, ಡಾಲರನ್ನು ರೂಪಾಯಿಗೆ ಗುಣಿಸುವ ಚಟ ಹತ್ತಿ, ಮೂರನೇ ಪೀರಿಯಡ್ ಪೂರ್ತಿ ಮಗ್ಗಿಯಲ್ಲೇ ಕಳೆದುಹೋಗುತ್ತದೆ. ಗುಣಾಕಾರ ಮುಗಿದ ಮೇಲೆ ಆ ದುಡ್ಡಿಗೆ ತುಮಕೂರು ರಸ್ತೆಯಲ್ಲಿ ಒಂದು ಕಾಲದಲ್ಲಿ ಎಷ್ಟು ಚದರಡಿ ಸೈಟು ಬರುತ್ತಿತ್ತು ಅನ್ನುವ ಭಾಗಾಕಾರ ಶುರುವಾಗುತ್ತದೆ.